ಬರುವುದಾದರೆ ನಾಲ್ಕು ದಿನಕ್ಕೆ ಬರಬೇಡಿ

ಮಗಳೇ, ನಿನ್ನ ಮೆಸೇಜು ಈಗಷ್ಟೇ ನೋಡಿದೆ. ‘ಮಾವ, ಈ ಸಲ ರಜೆಯಲ್ಲಿ ಮಕ್ಕಳನ್ನು ಕರ್ಕೊಂಡು ಊರಿಗೆ ಬರುವ ಅಂತ ಉಂಟು. ಕೊರೊನಾ ಆದ ಮೇಲೆ ಮಲ್ಪೆ ಕಡೆ ಎಲ್ಲ ಬದಲಾಗಿದೆ ಅಂತಾರೆ, ಹೌದಾ?’ ಅಂತ ಕೇಳಿದ್ದೀ. ಅದರ ಕೆಳಗೆ ನಮ್ಮ ಬೆಂಗಳೂರಿನವನು ‘ಊರಲ್ಲಿ ಏನುಂಟು, ಬರೀ ರಶ್ಶು, ಎಲ್ಲ ಸೇರಿ ಗೋವಾಕ್ಕೆ ಹೋಗುವ’ ಅಂತ ಹಾಕಿದ್ದಾನೆ. ಅವನಿಗೆ ಆಮೇಲೆ ಹೇಳುತ್ತೇನೆ. ಟೈಪ್ ಮಾಡುತ್ತಾ ಕೂತರೆ ನನಗೆ ರಾತ್ರಿ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಅಡುಗೆ ಮಾಡುತ್ತಾ ಕೇಳು, ಆದರೆ ಸ್ಪೀಡ್ ಜಾಸ್ತಿ ಮಾಡಿ ಕೇಳಬೇಡ ಮಾರಾಯ್ತಿ.

ಬದಲಾಗಿದೆಯಾ ಅಂದರೆ, ಹೌದು. ಆದರೆ ನೀನು ಕೇಳುತ್ತಿರುವುದು ಬೀಚು. ಬೀಚಿನ ಬಗ್ಗೆ ಹೇಳಲಿಕ್ಕೆ ಐದು ನಿಮಿಷ ಸಾಕು. ಮನೆಗೆ ಜನ ಬರುವ ರೀತಿಯೇ ಬದಲಾಯಿತು ನೋಡು, ನನಗೆ ಹೇಳಬೇಕಾದದ್ದು ಅದು.

ನಿಮ್ಮ ಅಮ್ಮ ಮದುವೆಯಾಗಿ ಮುಂಬೈಗೆ ಹೋದ ಹೊಸತರಲ್ಲಿ ರೈಲು ಇರಲಿಲ್ಲ. ಬಸ್ಸಲ್ಲೇ ಬರಬೇಕು. ಮೈಕೈ ಎಲ್ಲ ಧೂಳು ಮಾಡಿಕೊಂಡು ಇಳಿಯುತ್ತಿದ್ದಳು. 1998ರಲ್ಲಿ ಕೊಂಕಣ ರೈಲು ಪೂರ್ತಿ ಆಯಿತು, ಮತ್ಸ್ಯಗಂಧ ರೈಲು ಬಂತು. ಆಮೇಲೆ ಸುಖ. ಬೆಳಿಗ್ಗೆ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ನಾನು ರಿಕ್ಷಾ ಮಾಡಿಸಿಕೊಂಡು ನಿಂತಿರುತ್ತಿದ್ದೆ, ನೀನು ಅರ್ಧ ನಿದ್ದೆಯಲ್ಲಿ ಇಳಿಯುತ್ತಿದ್ದಿ. ನಿಮ್ಮದು ಆದ ಮೇಲೆ ದೊಡ್ಡ ಮಾವನ ಮನೆಯವರು, ಆಮೇಲೆ ಪುಣೆಯವರು. ಅಜ್ಜಿ ಒಂದು ತಿಂಗಳು ಮೊದಲೇ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಳು. ಮನೆ ಅಂದರೆ ಜಾತ್ರೆ. ಬಚ್ಚಲಿಗೆ ಕ್ಯೂ.

ಈಗ ನೆನಪು ಮಾಡಿಕೋ, ಆ ರಜೆಯಲ್ಲಿ ನಾವು ಎಷ್ಟು ಸಲ ಬೀಚಿಗೆ ಹೋಗುತ್ತಿದ್ದೆವು? ಬಹಳ ಕಮ್ಮಿ. ಇಡೀ ದಿನ ಅಂಗಳದಲ್ಲೇ ಕೆಲಸ. ಹಪ್ಪಳಕ್ಕೆ ಹಲಸಿನ ಸೊಳೆ ಬೇಯಿಸುವುದು, ಒನಕೆಯಲ್ಲಿ ಗುದ್ದುವುದು, ಉಂಡೆ ಮಾಡಿ ಮಣೆಯ ಅಡಿಗೆ ಇಟ್ಟು ಒತ್ತುವುದು, ಓಲೆ ಚಾಪೆಯಲ್ಲಿ ಹರಡುವುದು. ನಿಮ್ಮನ್ನು ಕಾಗೆ ಓಡಿಸಲಿಕ್ಕೆ ಕೂರಿಸಿದರೆ, ಕಾಗೆ ತಿಂದದ್ದಕ್ಕಿಂತ ನೀವು ತಿಂದ ಹಸಿ ಹಪ್ಪಳವೇ ಜಾಸ್ತಿ. ಹಿತ್ತಲಲ್ಲಿ ಗೇರುಬೀಜ ಸುಡುವಾಗ ಸೊನೆ ತಾಗಿ ನಿನ್ನ ತುಟಿ ಸುಟ್ಟು ಊದಿತ್ತಲ್ಲ, ಆ ಫೋಟೋ ಈಗಲೂ ನನ್ನ ಹತ್ತಿರ ಉಂಟು. ಗ್ರೂಪಿಗೆ ಹಾಕುವುದಿಲ್ಲ, ಹೆದರಬೇಡ. ಮಧ್ಯಾಹ್ನ ಕಾಟು ಮಾವಿನಹಣ್ಣಿನ ಗೊಜ್ಜು, ಪುನರ್ಪುಳಿ ಸಾರು. ರಾತ್ರಿ ಎಲ್ಲಾದರೂ ಯಕ್ಷಗಾನ ಆಟ ಇದ್ದರೆ ಹೊದಿಕೆ ಹಿಡಿದುಕೊಂಡು ಹೋಗಿ, ಮೊದಲ ವೇಷ ಬರುವ ಮುಂಚೆಯೇ ನಿದ್ದೆ. ಕಡಲಿಗೆ ಹೋದರೆ ಕೈರಂಪಣಿಯವರ, ಅಂದರೆ ದಡದಲ್ಲಿ ನಿಂತು ಕೈಯಿಂದಲೇ ಬಲೆ ಎಳೆಯುವ ಮೀನುಗಾರರ, ಹಗ್ಗ ಹಿಡಿದು ಎಳೆಯುವುದೇ ನಿಮಗೆ ಆಟ. ಬಲೆ ದಡಕ್ಕೆ ಬಂದ ಮೇಲೆ ಎಳೆದ ಮಕ್ಕಳಿಗೂ ಒಂದು ಹಿಡಿ ಮೀನು ಕೊಡುತ್ತಿದ್ದರು.

ಇದೆಲ್ಲ 2020ರಲ್ಲಿ ನಿಂತಿತು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ನಾನು ಆಗಲೂ ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮ ಪ್ಲಾಂಟಿನ ಕಂಪ್ರೆಸರ್ ಸದ್ದು ನಿನಗೆ ಗೊತ್ತಲ್ಲ, ಹಗಲು ರಾತ್ರಿ ಒಂದೇ ಸಮ. ಅದನ್ನು ನಿಲ್ಲಿಸಿದ ದಿನ ಕ್ಯಾನಿನಲ್ಲಿ ಕಟ್ಟಿದ್ದ ಐಸಿಗೆ ಗಿರಾಕಿಯೇ ಇರಲಿಲ್ಲ. ಸುಮ್ನೆ ಕರಗಿ ಚರಂಡಿಗೆ ಹೋಯಿತು. ಹೋಟೆಲ್ ಬಂದ್, ಕೇರಳಕ್ಕೆ ಮೀನು ಹೋಗುವ ಹಾಗಿಲ್ಲ. ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದರು. ಕಾಸರಗೋಡಿನವರು ಮಂಗಳೂರಿನ ಆಸ್ಪತ್ರೆಗೆ ಬರಲಿಕ್ಕಾಗದೆ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಬೋಟುಗಳು ಒಂದಕ್ಕೊಂದು ತಾಗಿ ನಿಂತಿದ್ದವು, ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಊರಿಗೆ ಹೋಗಲಿಕ್ಕಾಗದೆ ಅದರಲ್ಲೇ ಅನ್ನ ಬೇಯಿಸಿಕೊಂಡು ಇದ್ದರು. ಆಗ ವಾಟ್ಸಾಪಿನಲ್ಲಿ ಎಲ್ಲರೂ ‘ಕಡಲು ಎಷ್ಟು ಚೆಂದ ಆಗಿದೆ ನೋಡಿ’ ಅಂತ ಖಾಲಿ ಬೀಚಿನ ಫೋಟೋ ಕಳಿಸುತ್ತಿದ್ದರು. ನನಗೆ ಅದು ಕಂಡರೆ ಸಿಟ್ಟು ಬರುತ್ತಿತ್ತು. ಖಾಲಿ ಬೀಚು ಅಂದರೆ ಚರುಮುರಿಯವನ ಮನೆಯಲ್ಲಿ ಒಲೆ ಹತ್ತಿಲ್ಲ ಅಂತ ಅರ್ಥ ಅಲ್ವಾ?

ಮೀನಿನವರ ಕಥೆ ಎಲ್ಲರಿಗೂ ಗೊತ್ತು. ಮಲ್ಲಿಗೆಯವರದ್ದು ಯಾರೂ ಹೇಳುವುದಿಲ್ಲ. ಶಂಕರಪುರದ ಕಡೆ ನಮ್ಮ ಪರಿಚಯದ ಒಂದು ಮನೆ ಇದೆ, ಮಲ್ಲಿಗೆಯಲ್ಲೇ ಮಕ್ಕಳನ್ನು ಓದಿಸಿದವರು. ಒಂದು ಅಟ್ಟೆ ಅಂದರೆ ನಾಲ್ಕು ಚೆಂಡು, ಚೆಂಡಿಗೆ 800ರ ಹಾಗೆ 3200 ಹೂವು. ಏಪ್ರಿಲ್, ಮೇ ಅಂದರೆ ಮದುವೆ, ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮ, ಅವರಿಗೆ ವರ್ಷದ ದುಡಿಮೆ ಆಗುವ ಸಮಯ. ಆ ವರ್ಷ ಮದುವೆ ಇಲ್ಲ, ದೇವಸ್ಥಾನದ ಬಾಗಿಲು ಹಾಕಿದೆ. ಗಿರಾಕಿ ಇಲ್ಲ ಅಂತ ಗಿಡ ಹೂ ಬಿಡುವುದನ್ನು ನಿಲ್ಲಿಸುತ್ತದಾ? ಬೆಳಿಗ್ಗೆ ಎದ್ದು ಮೊಗ್ಗು ಕೊಯ್ಯುವುದು, ಮಧ್ಯಾಹ್ನಕ್ಕೆ ತೆಂಗಿನ ಬುಡಕ್ಕೆ ಹಾಕುವುದು. ಆ ಹೆಂಗಸು ನನ್ನ ಹತ್ತಿರ ಫೋನಲ್ಲಿ ‘ತಲೆಗೆ ಮುಡಿದರೂ ನೋಡುವವರಿಲ್ಲ ಅಣ್ಣಾ’ ಅಂದಿದ್ದರು, ನಗುತ್ತಲೇ.

ಇನ್ನು ಮೇ ತಿಂಗಳು. ಇದು ನಿನಗೆ ಪೂರ್ತಿ ಗೊತ್ತಿಲ್ಲ. ದೊಡ್ಡ ಮಾವನೂ ಯಾರ ಹತ್ತಿರವೂ ಹೇಳಿಲ್ಲ. ಈಗ ಅವರೇ ‘ಹೇಳು, ಏನಂತೆ’ ಅಂದಿದ್ದಾರೆ, ಹಾಗಾಗಿ ಹೇಳುತ್ತಿದ್ದೇನೆ.

ಮುಂಬೈಯ ಅಂಧೇರಿಯಲ್ಲಿ ಅವರ ಕ್ಯಾಂಟೀನು ಬಾಗಿಲು ಹಾಕಿತ್ತು. ಹುಡುಗರಿಗೆ ಸಂಬಳ ಕೊಡಬೇಕು, ಬಾಡಿಗೆ ಕಟ್ಟಬೇಕು, ಕೆಳಗಿನ ಮನೆಯಲ್ಲಿ ಪಾಸಿಟಿವ್. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಪಾಸಿಗೆ ಹಾಕಿ ಹಾಕಿ ಕೊನೆಗೆ ಸಿಕ್ಕಿತು. ನಾಲ್ಕು ಮನೆಯವರು ಸೇರಿ ಒಂದು ಗಾಡಿ ಮಾಡಿಕೊಂಡು ಹೊರಟರು. ನಿಪ್ಪಾಣಿ ಹತ್ತಿರ ಗಡಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರು. ದಾರಿಯಲ್ಲಿ ಒಂದು ಹೋಟೆಲಿಲ್ಲ, ಹೆಂಗಸರಿಗೆ ಹೋಗಲಿಕ್ಕೆ ಒಂದು ಜಾಗ ಇಲ್ಲ. ನಮ್ಮ ಜಿಲ್ಲೆಯ ಗಡಿ ಶಿರೂರು ಚೆಕ್‌ಪೋಸ್ಟಿಗೆ ಬಂದಾಗ ‘ಅಬ್ಬ, ಊರು ಬಂತು’ ಅಂತ ನಿನ್ನ ದೊಡ್ಡತ್ತೆ ಕಣ್ಣೀರು ಹಾಕಿಬಿಟ್ಟಳಂತೆ. ಆದರೆ ಊರು ಬರಲಿಲ್ಲ. ಅಲ್ಲಿಂದ ನೇರ ಕ್ವಾರಂಟೈನಿಗೆ, ಒಂದು ಶಾಲೆಗೆ.

ಶಾಲೆ ನಮ್ಮ ಮನೆಯಿಂದ ದೂರವೇನೂ ಇಲ್ಲ. ಎರಡು ಬೆಂಚು ಜೋಡಿಸಿ ಮಂಚ. ಗೋಡೆಯಲ್ಲಿ ಮಗ್ಗಿ ಬರೆದ ಚಾರ್ಟು. ಕಪ್ಪು ಹಲಗೆಯಲ್ಲಿ ಯಾರೋ ಬಟ್ಟೆ ಒಗೆಯುವ ಸರದಿ ಬರೆದಿದ್ದರು. ನಾನು ಸ್ಟೀಲಿನ ಬುತ್ತಿಯಲ್ಲಿ ಗಂಜಿ, ಚಟ್ನಿ, ಒಮ್ಮೊಮ್ಮೆ ನೀರುದೋಸೆ ತೆಗೆದುಕೊಂಡು ಹೋಗಿ ಗೇಟಿನ ಹತ್ತಿರ ಮೇಜಿನ ಮೇಲೆ ಇಟ್ಟು ಹಿಂದೆ ಸರಿಯಬೇಕು. ಆಮೇಲೆ ಅಲ್ಲಿನ ಹುಡುಗ ಬಂದು ಒಳಗೆ ಕೊಂಡುಹೋಗಬೇಕು. ಅಣ್ಣ, ಅಂದರೆ ನಿನ್ನ ದೊಡ್ಡ ಮಾವ, ಮೂರನೇ ಕಿಟಕಿಯಲ್ಲಿ ನಿಂತು ‘ಅಮ್ಮ ಮಾತ್ರೆ ತಗೊಂಡ್ರಾ’ ಅಂತ ಬೊಬ್ಬೆ ಹಾಕುತ್ತಿದ್ದರು. ನಾನು ಇಲ್ಲಿಂದ ಬೊಬ್ಬೆ. ಫೋನ್ ಇತ್ತು, ಆದರೂ ಇಬ್ಬರಿಗೂ ಬೊಬ್ಬೆ ಹಾಕಿದರೇ ಸಮಾಧಾನ.

ಊರಿನವರು ಸುಮ್ಮನಿರಲಿಲ್ಲ. ‘ಮುಂಬೈಯವರು ಬಂದಿದ್ದಾರಂತೆ’ ಅಂತ ಹಾಲಿನವನಿಂದ ಹಿಡಿದು ಎಲ್ಲರೂ ಕೇಳುತ್ತಿದ್ದರು. ಒಂದು ಅಂಗಡಿಯಲ್ಲಿ ನನ್ನ ಚೀಟಿ ತೆಗೆದುಕೊಳ್ಳಲಿಲ್ಲ, ದೂರದಿಂದ ಹೇಳಿ ಅಂದರು. ಯಾರು ಅಂತ ಹೇಳುವುದಿಲ್ಲ, ಈಗಲೂ ಅಲ್ಲೇ ಸಾಮಾನು ತರುವುದು. ಹೆದರಿಕೆಗೆ ಕಾರಣವೂ ಇತ್ತು ಅನ್ನು. ಜೂನ್ ಶುರುವಿನಲ್ಲಿ ನಮ್ಮ ಉಡುಪಿ ಜಿಲ್ಲೆಯ ಕೇಸು ರಾಜ್ಯದಲ್ಲೇ ಜಾಸ್ತಿ ಆಯಿತು, ಅದರಲ್ಲಿ ಹೆಚ್ಚಿನವರು ಮಹಾರಾಷ್ಟ್ರದಿಂದ ಬಂದವರೇ. ಆದರೆ ಒಂದು ವಿಷಯ ಯೋಚನೆ ಮಾಡು. ಈ ಊರಿನ ದೇವಸ್ಥಾನದ ಜೀರ್ಣೋದ್ಧಾರ, ಶಾಲೆಯ ಹೊಸ ಕೋಣೆ, ಆಟದ ಹರಕೆ, ಯಾವ ರಶೀದಿ ಪುಸ್ತಕ ತೆಗೆದರೂ ಮುಂಬೈಯವರ ಹೆಸರೇ ಮೊದಲು. ಅಣ್ಣ ಮಲಗಿದ್ದ ಕೋಣೆಯ ಗೋಡೆಯಲ್ಲೇ ‘ಮುಂಬೈ ದಾನಿಗಳು’ ಅಂತ ಕಲ್ಲು ಹಾಕಿದ್ದಾರೆ. ಅದನ್ನು ಅಣ್ಣನೇ ಫೋಟೋ ತೆಗೆದು ನನಗೆ ಕಳಿಸಿದ್ದು, ಕೆಳಗೆ ಒಂದು ನಗುವ ಇಮೋಜಿ ಹಾಕಿ. ನನಗೆ ನಗು ಬರಲಿಲ್ಲ.

ಅಜ್ಜಿಗೆ ಏನು ಹೇಳಿದರೂ ಅರ್ಥ ಆಗುತ್ತಿರಲಿಲ್ಲ. ಅರ್ಥ ಆಗುತ್ತಿತ್ತು, ಒಪ್ಪುತ್ತಿರಲಿಲ್ಲ. ‘ಮಗ ಊರಿಗೆ ಬಂದು ಶಾಲೆಯಲ್ಲಿ ಮಲಗುವುದಾ?’ ಅಂತ ದಿನಾ ಅದೇ ಪ್ರಶ್ನೆ. ನೆಗೆಟಿವ್ ಬಂದು ಅವರು ಮನೆಗೆ ಬಂದ ದಿನ ಅಂಗಳದಲ್ಲೇ ಬಿಸಿನೀರು ಇಟ್ಟು, ಸ್ನಾನ ಆದ ಮೇಲೆ ಒಳಗೆ. ಅಜ್ಜಿ ಚಾವಡಿಯಲ್ಲಿ, ಅವರು ಹಿಂದಿನ ಕೋಣೆಯಲ್ಲಿ, ಮಧ್ಯದ ಬಾಗಿಲು ಹಾಕಿ. ಹಾಗೆ ಆ ವರ್ಷದ ರಜೆ ಮುಗಿಯಿತು. ಹಪ್ಪಳ ಮಾಡಲಿಲ್ಲ. ಹಲಸು ಮರದಲ್ಲೇ ಹಣ್ಣಾಗಿ ಬಿತ್ತು.

ಮುಂದಿನ ವರ್ಷ ಎರಡನೇ ಅಲೆ, ಅದರ ಮೇಲೆ 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ. ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್‌ನಿಂದ 9 ಜನರನ್ನು ನೌಕಾಪಡೆಯ ಹೆಲಿಕಾಪ್ಟರಿನವರೂ ಕೋಸ್ಟ್ ಗಾರ್ಡಿನವರೂ ಸೇರಿ ಎತ್ತಿದ್ದು ಟಿವಿಯಲ್ಲಿ ನೋಡಿರಬಹುದು. ಆ ವರ್ಷ ಬರುವ ಮಾತೇ ಇರಲಿಲ್ಲ.

ಆಮೇಲೆ ಅಣ್ಣ ವಾಪಸ್ ಹೋಗಲಿಲ್ಲ. ಕ್ಯಾಂಟೀನು ಬಿಟ್ಟುಕೊಟ್ಟರು. ಈಗ ಪೇಟೆಯಲ್ಲಿ ಸಣ್ಣ ಹೋಟೆಲು, ಬೆಳಿಗ್ಗೆ ಬನ್ಸ್, ಗೋಳಿಬಜೆ, ಸಂಜೆ ಚಾ ಮಾತ್ರ. ಮುಂಬೈಯ ಅಭ್ಯಾಸ, ಐದು ಗಂಟೆಗೇ ಎದ್ದು ಹೋಗುತ್ತಾರೆ. ಹೀಗೆ ಊರಲ್ಲೇ ಉಳಿದವರು ನಮ್ಮ ವಠಾರದಲ್ಲಿ ಬೇರೆಯವರೂ ಇದ್ದಾರೆ. ವರ್ಷವಿಡೀ ಬೀಗ ಹಾಕಿರುತ್ತಿದ್ದ ಮನೆಗಳಲ್ಲಿ ಈಗ ಸಂಜೆ ಲೈಟು ಕಾಣುತ್ತದೆ. ಅದು ಒಳ್ಳೆಯದಾಯಿತು. ಹಾಳಾದದ್ದು ಏನೆಂದರೆ, ಹೊರಗೆ ಇರುವ ನೀವೆಲ್ಲ ಬರುವುದು ಕಮ್ಮಿ ಮಾಡಿದಿರಿ. ಆ ಎರಡು ವರ್ಷ ತಪ್ಪಿದ್ದು ತಪ್ಪಿಯೇ ಹೋಯಿತು. ಬಂದರೂ ಶುಕ್ರವಾರ ಬಂದು ಸೋಮವಾರ ಹೋಗುವುದು, ಅದರಲ್ಲೂ ಹೋಮ್‌ಸ್ಟೇ ಬುಕ್ ಮಾಡಿ, ಮನೆಗೆ ಒಂದು ಊಟಕ್ಕೆ ಬರುವುದು. ಸ್ವೀಟ್ ಡಬ್ಬ ಹಿಡಿದುಕೊಂಡು! ಅಜ್ಜಿಮನೆಗೆ ಯಾರಾದರೂ ಸ್ವೀಟ್ ಡಬ್ಬ ತರುತ್ತಾರಾ?

ಈಗ ಬೀಚಿನ ವಿಷಯ. ಮಲ್ಪೆಯಲ್ಲಿ ರಶ್ಶು ಹೌದು, ಶನಿವಾರ, ಭಾನುವಾರ ಕಾಲಿಡಲಿಕ್ಕಾಗುವುದಿಲ್ಲ. 2022ರ ಮೇ ತಿಂಗಳಲ್ಲಿ ತೇಲುವ ಸೇತುವೆ ಅಂತ ಮಾಡಿದರು, ಭರ್ಜರಿ ಉದ್ಘಾಟನೆ. ವಾರ ತುಂಬುವ ಮೊದಲೇ ಅಲೆಗೆ ಬಿಚ್ಚಿ ಹೋಯಿತು. ಮೇ ತಿಂಗಳ ಕಡಲು ಹೇಗಿರುತ್ತದೆ ಅಂತ ಬಂದರಿನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಪಡುಬಿದ್ರಿಗೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಅಂತ ಒಳ್ಳೆಯ ಬೀಚಿಗೆ ಕೊಡುವ ವಿದೇಶಿ ಮಾನ್ಯತೆ ಸಿಕ್ಕಿತು, ಕ್ಲೀನ್ ಇದೆ, ಮಕ್ಕಳಿಗೆ ಅದು ಒಳ್ಳೆಯದು. ಕೋಡಿ ಬೆಂಗ್ರೆಗೆ ಸಂಜೆ ಹೋಗುವ, ಸುವರ್ಣಾ, ಸೀತಾ ಎರಡೂ ನದಿ ಅಲ್ಲಿ ಕಡಲಿಗೆ ಸೇರುತ್ತವೆ. ಗಾಡಿ ನಿಲ್ಲಿಸಲಿಕ್ಕೆ ಜಾಗ ಸಿಕ್ಕಿದರೆ ನಮ್ಮ ಪುಣ್ಯ. ಸೈಂಟ್ ಮೇರೀಸ್ ದ್ವೀಪಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕು, ಆ ಕಂಬದ ಹಾಗಿನ ಕಲ್ಲು ಎಲ್ಲ ಕಡೆ ನೋಡಲಿಕ್ಕೆ ಸಿಗುವುದಿಲ್ಲ. ಲೈಫ್ ಗಾರ್ಡ್ ಸೀಟಿ ಊದಿದರೆ ಹಿಂದೆ ಬರಬೇಕು, ಬಂಡೆ ಮೇಲೆ ಸೆಲ್ಫಿ ಇಲ್ಲ. ನಾನು ಜೊತೆಗಿರುತ್ತೇನೆ, ಹಾಗಾಗಿ ಈಗಲೇ ಹೇಳಿಡುವುದು.

ಬೆಂಗಳೂರಿನವನೇ, ನೀನೂ ಕೇಳುತ್ತಿದ್ದೀಯಲ್ಲ. ಗೋವಾಕ್ಕೆ ಹೋಗು, ಬೇಡ ಅನ್ನುವುದಿಲ್ಲ. ಆದರೆ ‘ಊರಲ್ಲಿ ಏನುಂಟು’ ಅಂದೆಯಲ್ಲ, ಊರಲ್ಲಿ ಇದ್ದದ್ದೇ ನೀವೆಲ್ಲ. ನೀವು ಬಾರದಿದ್ದರೆ ಇಲ್ಲಿ ಏನೂ ಇಲ್ಲ, ಅದು ಸರಿಯೇ. ಗಡ್‌ಬಡ್ ಐಸ್‌ಕ್ರೀಮು ನಾನು ಕೊಡಿಸುತ್ತೇನೆ. ಅದು ಮೊದಲು ಉಡುಪಿಯಲ್ಲಾದದ್ದಾ ಮಂಗಳೂರಿನಲ್ಲಾ ಅಂತ ನೀನೂ ನಾನೂ ಮತ್ತೆ ಜಗಳ ಮಾಡುವ.

ಮಗಳೇ, ಈಗ ಮುಖ್ಯ ಮಾತು. ಮೇ ಕೊನೆಗೆ ಇಡಬೇಡ. ಮೇ ಕೊನೆಗೆ ಬರುವ ಪತ್ತನಾಜೆ ಅಂದರೆ ಇವೆಲ್ಲ ಮುಗಿಯುವ ದಿನ, ಅದು ಆದ ಮೇಲೆ ಯಕ್ಷಗಾನ ಆಟ ಇಲ್ಲ, ದೈವದ ಕೋಲ ಇಲ್ಲ. ಮಳೆ ಕಂಡರೆ ದ್ವೀಪದ ಬೋಟೂ ನಿಲ್ಲುತ್ತದೆ. ಜೂನ್ 1ರಿಂದ ಟ್ರಾಲ್ ಬೋಟುಗಳಿಗೆ ನಿಷೇಧ, ಜುಲೈ 31ರ ತನಕ ಮೀನಿಗೆ ಚಿನ್ನದ ರೇಟು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಕೂಡಲೇ ಹೊರಡಿ. ರೈಲು ಟಿಕೆಟು ಈಗ 60 ದಿನ ಮೊದಲು ಮಾತ್ರ ಓಪನ್ ಆಗುವುದು, ಆ ದಿನ ಬೆಳಿಗ್ಗೆ ಎಂಟಕ್ಕೇ ಕೂತುಕೊಳ್ಳಿ. ವಾಪಸ್ ಟಿಕೆಟ್ ಹದಿನೈದು ದಿನ ಬಿಟ್ಟು ಮಾಡು, ಅದಕ್ಕಿಂತ ಮೊದಲಿನದ್ದು ಮಾಡಿದರೆ ನಾನು ಸ್ಟೇಷನ್ನಿಗೆ ಬರುವುದಿಲ್ಲ. ಅಳಿಯಂದಿರಿಗೆ ರಜೆ ಇಲ್ಲದಿದ್ದರೆ ಅವರು ಆಮೇಲೆ ಬರಲಿ, ಇಲ್ಲಿ ವೈಫೈ ಉಂಟು, ಚಾವಡಿಯಲ್ಲಿ ಕೂತು ಕೆಲಸ ಮಾಡಬಹುದು. ಮಕ್ಕಳಿಗೆ ಒಳ್ಳೆಯ ಬಟ್ಟೆ ಜಾಸ್ತಿ ತರಬೇಡ, ಗೇರುಹಣ್ಣಿನ ಕಲೆ ಹೋಗುವುದಿಲ್ಲ. ಹಲಸು ಈ ಸಲ ಚೆನ್ನಾಗಿ ಬಿಟ್ಟಿದೆ. ನಿನ್ನ ಅತ್ತೆ ಹಪ್ಪಳದ ಮಣೆ ಅಟ್ಟದಿಂದ ಇಳಿಸಬೇಕಾ ಬೇಡವಾ ಅಂತ ಕೇಳುತ್ತಿದ್ದಾಳೆ, ಅದಕ್ಕೊಂದು ಉತ್ತರ ಹಾಕು. ‘ಮಾವ, ಯಾವ ಮೀನು ಸಿಗುತ್ತದೆ’ ಅಂತ ಮಾತ್ರ ಈಗಲೇ ಕೇಳಬೇಡ. ಬಂಗುಡೆಯೋ ಬೂತಾಯಿಯೋ, ಆ ದಿನ ಬಂದರಿಗೆ ಬಂದದ್ದು.