ರಂಗಗೀತೆಗಳನ್ನು ನಾವು ಸುಮ್ನೆ ಜಾಸ್ತಿ ಹೊಗಳುತ್ತಿದ್ದೇವಾ?

ಪೆಟ್ಟಿಗೆ ಮೇಷ್ಟ್ರು, ಹಾಸನ

ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ. ರಂಗಗೀತೆಗಳಿಗೆ ಈಗ ಸಿಗುತ್ತಿರುವ ಹೊಗಳಿಕೆ ಅವುಗಳ ತೂಕಕ್ಕಿಂತ ಜಾಸ್ತಿ ಅನಿಸುವುದು ನನಗೊಬ್ಬನಿಗೇನಾ?

ನನ್ನ ಕಸುಬು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವನಿಗೇನು ಗೊತ್ತು ಅಂತ ಶುರುವಾಗುತ್ತದೆ. ಹಗಲು ಹಾಸನದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ, ರಾತ್ರಿ ಹಾರ್ಮೋನಿಯಂ. ದುದ್ದ, ಶಾಂತಿಗ್ರಾಮ, ಹಳೇಬೀಡಿನ ಸುತ್ತ ಯಾವ ಊರಲ್ಲಾದರೂ ಕುರುಕ್ಷೇತ್ರ ನಾಟಕ ಕಟ್ಟುತ್ತೇವೆ ಅಂದರೆ ತಾಲೀಮಿಗೆ ಹೋಗುತ್ತೇನೆ, ಮಟ್ಟು, ಅಂದರೆ ಹಾಡಿನ ಧಾಟಿ, ಹೇಳಿಕೊಡುತ್ತೇನೆ, ನಾಟಕದ ದಿನ ಬೆಳಗಿನವರೆಗೆ ಪೆಟ್ಟಿಗೆ ನುಡಿಸುತ್ತೇನೆ. ಯುವಜನ ಮೇಳ, ಕಾಲೇಜು ಸ್ಪರ್ಧೆ ಅಂತ ಕರೆದರೆ ಅಲ್ಲಿಗೂ ಹೋಗುತ್ತೇನೆ. ಅಲ್ಲಿ ಭಾವಗೀತೆ, ಲಾವಣಿ, ಗೀಗೀ ಪದದ ಜೊತೆ ರಂಗಗೀತೆಗೂ ಒಂದು ವಿಭಾಗ ಇರುತ್ತದಲ್ವಾ, ನನ್ನ ತಕರಾರು ಹುಟ್ಟಿದ್ದು ಅಲ್ಲೇ.

ಈಚೆಗೆ ಅಂಥದ್ದೊಂದು ಸ್ಪರ್ಧೆ. ತಂಡದ ಮೇಲೆ ತಂಡ ಬಂತು. ಎಲ್ಲರಿಗೂ ಒಂದೇ ಥರದ ಜುಬ್ಬಾ, ಸೊಂಟಕ್ಕೆ ಕೆಂಪು ವಸ್ತ್ರ. ಎಲ್ಲರದ್ದೂ ರಂಗ ನಿರ್ದೇಶಕ ಬಿ.ವಿ. ಕಾರಂತರ ಅದೇ ನಾಲ್ಕೈದು ಮಟ್ಟು. ಒಬ್ಬ ಹುಡುಗಿಯ ಕಂಠ ಮಾತ್ರ ಬಹಳ ಚೆನ್ನಾಗಿತ್ತು, ಮೇಲಿನ ಷಡ್ಜದಲ್ಲಿ ನಿಂತಾಗ ಒಂದಿಷ್ಟೂ ಅಲುಗಲಿಲ್ಲ. ಇಳಿದು ಬಂದ ಮೇಲೆ ಕೇಳಿದೆ, "ಇದನ್ನು ನಾಟಕದಲ್ಲಿ ಯಾರು ಹಾಡುತ್ತಾರಮ್ಮ?" "ಕಾರಂತರ ಹಾಡು ಸಾರ್" ಅಂದಳು. "ಅದು ಸರಿ, ಯಾವ ಪಾತ್ರ, ಯಾವ ಹೊತ್ತಲ್ಲಿ?" ಪಕ್ಕದವಳ ಮುಖ ನೋಡಿದಳು. ಪಕ್ಕದವಳು ಮೊಬೈಲ್ ತೆಗೆದಳು. ಮೊದಲ ಬಹುಮಾನ ಅವರಿಗೇ ಬಂತು. ತೀರ್ಪುಗಾರರು ಮೈಕ್ ಹಿಡಿದು, ರಂಗಭೂಮಿಯ ಜೀವಾಳವೇ ಈ ಹಾಡುಗಳು ಅಂತ ಕಾಲು ಗಂಟೆ ಮಾತಾಡಿದರು.

ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಭಾಷಣದ ಮೇಲಿದೆ.

ಕಾರಂತರು ಸಾಮಾನ್ಯದವರಲ್ಲ. ಹುಡುಗರಾಗಿದ್ದಾಗಲೇ ಗುಬ್ಬಿ ನಾಟಕ ಕಂಪನಿ ಸೇರಿದವರು. ಬನಾರಸಿನಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಕಲಿತವರು. ಅಷ್ಟು ಸಂಗೀತ ಗೊತ್ತಿದ್ದೂ ನಾಟಕಕ್ಕೆ ಕೂತಾಗ ಕಲ್ಲು, ತಗಡು, ಕಾಗದ, ಕೈಗೆ ಸಿಕ್ಕಿದ್ದನ್ನೆಲ್ಲ ವಾದ್ಯ ಮಾಡಿಕೊಂಡರು. ಮಟ್ಟನ್ನು ಬೇಕಂತಲೇ ಚಿಕ್ಕದಾಗಿ ಇಟ್ಟರು ಅಂತ ನನ್ನ ಲೆಕ್ಕ. ಹಾಡುವವನು ಗಾಯಕನಲ್ಲ, ನಟ. ಅವನು ಓಡಬೇಕು, ಕೂರಬೇಕು, ಎದುರಿನವನ ಮಾತಿಗೆ ತಿರುಗಬೇಕು. ಆ ಮಟ್ಟಿನ ಅರ್ಧ ಕೆಲಸ ಅವನ ಮೈ ಮಾಡುತ್ತದೆ. ಅದನ್ನು ಕಿತ್ತು ತಂದು, ಸ್ಟ್ಯಾಂಡ್ ಮೈಕಿನ ಮುಂದೆ ಸಾಲಾಗಿ ನಿಂತು, ಚಪ್ಪಾಳೆ ತಟ್ಟಿಕೊಂಡು ಹಾಡಿದರೆ ಏನು ಉಳಿಯಿತು? ಎರಡು ಸಾಲು, ಒಂದು ಹೋಯ್.

ನಿಜವಾಗಿ ಕಷ್ಟದ ಹಾಡುಗಾರಿಕೆಗೆ ಈ ಸ್ಪರ್ಧೆಗಳಲ್ಲಿ ಜಾಗವೇ ಇಲ್ಲ. ಕಂದ ಪದ್ಯದ ಮಾತು ಹೇಳುತ್ತಿದ್ದೇನೆ. ನಾಲ್ಕು ಸಾಲು, ಒಟ್ಟು 64 ಮಾತ್ರೆ, ಅಷ್ಟೇ. ಆದರೆ ಕಂದ ಎತ್ತಿಕೊಂಡ ಕೂಡಲೇ ತಬಲಾ ನಿಲ್ಲುತ್ತದೆ. ತಾಳದ ಆಸರೆ ಇಲ್ಲ. ಸಂಧಾನದ ಸೀನು ನೋಡಿ. ಬರುವ ಹೊತ್ತಿಗೆ ರಾತ್ರಿ ಎರಡಾಗಿರುತ್ತದೆ. ದುರ್ಯೋಧನ ಅಠಾಣ ರಾಗದಲ್ಲಿ ಗರ್ಜಿಸಿ ಮುಗಿಸಿದ ಕೂಡಲೇ ಕೃಷ್ಣ ಅದೇ ಶ್ರುತಿಯಲ್ಲಿ ಮೋಹನವನ್ನೋ ಇನ್ನೊಂದನ್ನೋ ಹಿಡಿದು ಉತ್ತರ ಕೊಡಬೇಕು. ಪದ ಒಡೆಯಬಾರದು, ರಾಗ ಜಾರಬಾರದು. ಕೊನೆ ಅಕ್ಷರ ಎಳೆದು ಬಿಟ್ಟವನು ಉಸಿರು ತೆಗೆದುಕೊಳ್ಳುವ ಮೊದಲೇ ಮಾತಿಗೆ ಇಳಿಯಬೇಕು. ಅವನು ಎಲ್ಲಿ ಇಳಿಯುತ್ತಾನೆ ಅಂತ ನನಗೆ ತಾಲೀಮಿನ ಲೆಕ್ಕದಿಂದ ಗೊತ್ತಾಗುವುದಿಲ್ಲ. ಕತ್ತಿನ ನರ ನೋಡುತ್ತಿರುತ್ತೇನೆ. ನರ ಸಡಿಲವಾಯಿತೋ, ಬೆರಳು ತೆಗೆಯಬೇಕು. ಒಂದು ಕ್ಷಣ ತಡವಾದರೆ ಅವನ ಮಾತಿನ ಮೊದಲ ಪದ ನನ್ನ ಸ್ವರದಡಿ ಸಿಕ್ಕಿಹಾಕಿಕೊಳ್ಳುತ್ತದೆ.

ಹಳ್ಳಿಯವರಿಗೆ ಇದು ಗೊತ್ತು. ಜೋರು ಶಿಳ್ಳೆ ಬೀಳುವುದು ಕಂದಕ್ಕೇ. ಪೇಟೆಗೆ ಬಂದ ಮೇಲೆ ರಂಗಗೀತೆ ಅಂದರೆ ಚಪ್ಪಾಳೆ ತಟ್ಟುವ ಹಾಡು ಮಾತ್ರ ಆಗಿದೆ.

ಹಾಗಾಗಿ ಕೇಳುತ್ತೇನೆ. ನಾಟಕದ ಹಂಗಿಲ್ಲದೆ ನಿಲ್ಲುವ ರಂಗಗೀತೆ ನಿಜಕ್ಕೂ ಎಷ್ಟಿವೆ? ಹೆಸರು ಹೇಳಿ.

ಕೃಷ್ಣನ ಪಾರ್ಟು, ಹೊಳೆನರಸೀಪುರ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪೆಟ್ಟಿಗೆಗೆ ಹಾಡುವ ಯೋಗ ನನಗೆ ಬರಲಿಲ್ಲ, ಆದರೆ ನಿಮ್ಮಂಥವರ ಹತ್ತಿರ ಬೈಸಿಕೊಂಡೇ ಮುದುಕನಾದವನು. ಕಂದದ ಮಾತು ಒಪ್ಪಿದೆ. ಉಳಿದದ್ದು ಒಪ್ಪಲ್ಲ.

ನಾಟಕದಿಂದ ಕಿತ್ತರೆ ಹಾಡು ಸಾಯುತ್ತದೆ ಅಂತೀರಿ. ಕಂಪನಿ ಕಾಲದಲ್ಲಿ ಹಾಡು ಯಾವತ್ತು ಒಂದೇ ನಾಟಕಕ್ಕೆ ಕಟ್ಟುಬಿದ್ದಿತ್ತು? ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಸೀಮೆಯಲ್ಲಿ. ಅವರು 1880ರಲ್ಲಿ ಪುಣೆಯಲ್ಲಿ ಶಾಕುಂತಲ ಆಡಿಸಿದ ಮೇಲೆ ಮರಾಠಿ ನಾಟಕದ ಮಟ್ಟುಗಳು ಎಲ್ಲೆಲ್ಲಿಗೋ ಹೋದವು. ಪಾರ್ಸಿ ಕಂಪನಿಯವರ ಮಟ್ಟುಗಳೂ ಹಾಗೇ. ನಮ್ಮ ಕನ್ನಡ ಕಂಪನಿಗಳು ಎರಡನ್ನೂ ತಂದು ಸಾಹಿತ್ಯ ಕೂರಿಸಿಕೊಂಡವು. ಅಲ್ಲಿ ನಾಯಕಿ ಅತ್ತ ಮಟ್ಟಿಗೆ ಇಲ್ಲಿ ನಾರದ ಬಂದು ಆಶೀರ್ವಾದ ಮಾಡಿದರೂ ಯಾರೂ ಕೇಳಲಿಲ್ಲ. ಗ್ರಾಮಫೋನ್ ಪ್ಲೇಟು ಬಂದ ಮೇಲಂತೂ ನಾಟಕದ ಮುಖ ನೋಡದವರ ಮನೆಯಲ್ಲೂ ಆ ಹಾಡೇ. ನೀವು ಕಿತ್ತು ತಂದದ್ದು ಅನ್ನುವುದು ನಮ್ಮಲ್ಲಿ ಮೊದಲಿಂದ ನಡೆದು ಬಂದದ್ದು.

ಅಷ್ಟು ಯಾಕೆ, ನಮ್ಮೂರ ನಾಟಕದಲ್ಲಿ ಅಭಿಮನ್ಯು ಸತ್ತು ಬಿದ್ದ ಮೇಲೂ ಜನ ಒನ್ಸ್ ಮೋರ್ ಕೂಗಿ ಎಬ್ಬಿಸಿ ಹಾಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹಾಡಿ, ಕೈಮುಗಿದು, ಮತ್ತೆ ಹೋಗಿ ಸತ್ತ. ಜನಕ್ಕೆ ಹಾಡು ಬೇಕಿತ್ತು. ನಾಟಕ ಒಂದು ನೆಪ.

ಇನ್ನೊಂದು ಮಾತು, ಸಿಟ್ಟು ಮಾಡಿಕೊಳ್ಳಬೇಡಿ. ಈಗಿನ ಪೆಟ್ಟಿಗೆ ಮೇಷ್ಟ್ರುಗಳೇ ಕೃಷ್ಣನ ಎಂಟ್ರಿಗೆ ಸಿನಿಮಾ ಮಟ್ಟು ಹೇಳಿಕೊಡುತ್ತಾರೆ. ಅದು ಯಾವ ನಾಟಕದ್ದು ಅಂತ ನಾನೂ ಕೇಳಬಹುದಲ್ವಾ?

ಬೇಲೂರು ಲಾಸ್ಟ್ ಬಸ್

ಮೇಷ್ಟ್ರು ಹೆಸರು ಕೇಳಿದರು. ಇಷ್ಟುದ್ದ ಉತ್ತರದಲ್ಲಿ ಒಂದೂ ಹೆಸರಿಲ್ಲ, ಗಮನಿಸಿ.

ಪೆಟ್ಟಿಗೆ ಮೇಷ್ಟ್ರು, ಹಾಸನ

ಕೃಷ್ಣಪ್ಪಾಜಿ, ಸಿನಿಮಾ ಮಟ್ಟು ಹೇಳಿಕೊಡುತ್ತೇವೆ, ಇಲ್ಲ ಅನ್ನಲ್ಲ. ಪಾರ್ಟು ಮಾಡೋಕೆ ತಾನೇ ದುಡ್ಡು ಕಟ್ಟಿದವನು ಕೇಳಿದರೆ ಏನು ಮಾಡೋಣ? ಕೃಷ್ಣ, ದುರ್ಯೋಧನ ಅಂದರೆ ರೇಟು ಜಾಸ್ತಿ. ಅಷ್ಟು ಕೊಟ್ಟವನಿಗೆ ಬಾವಮೈದ ಸ್ಟೇಜಿಗೆ ಹತ್ತಿ ಹಾರ ಹಾಕಿ ನೋಟು ಚುಚ್ಚುವಷ್ಟು ಹೊತ್ತಾದರೂ ಹಾಡು ಬೇಕು. ಅದು ವ್ಯವಹಾರ. ಅದನ್ನು ಜೀವಾಳ ಅಂತ ನಾನು ಯಾವತ್ತೂ ಭಾಷಣ ಮಾಡಿಲ್ಲ.

ಒನ್ಸ್ ಮೋರ್ ಅಂದಿರಿ. ಸತ್ತ ಅಭಿಮನ್ಯು ಎದ್ದು ಹಾಡಿದ ಮೇಲೆ ಸುಭದ್ರೆ ಬಂದು ಅತ್ತಾಗ ಯಾರಾದರೂ ಅತ್ತರಾ? ನಾನು ನೋಡಿದ ಕಡೆಯೆಲ್ಲ ಜನ ನಕ್ಕಿದ್ದಾರೆ. ಆ ಪಾರ್ಟು ಮಾಡುವ ಹೆಣ್ಣುಮಗಳು ಹೊರಗಿನಿಂದ ಸಂಬಳಕ್ಕೆ ಬಂದ ಕಲಾವಿದೆ. ಅವಳ ಸೀನು ಹಾಳಾಯಿತು ಅಂತ ಕೇಳುವವರಿಲ್ಲ.

ಗಿರಿ ತಪ್ಪಲು, ಚಿಕ್ಕಮಗಳೂರು

ನಾನು ಹೇಳುತ್ತೇನೆ ಹೆಸರು. ಸತ್ತವರ ನೆರಳು.

ಜಿ.ಬಿ. ಜೋಶಿ ಅವರ ನಾಟಕ, ಕಾರಂತರ ಸಂಗೀತ. ಮಠದಲ್ಲಿ ಮುಂದಿನ ಸ್ವಾಮಿ ಯಾರು ಅನ್ನುವ ಕಿತ್ತಾಟದ ಕಥೆ. ಹಾಡುಗಳೆಲ್ಲ ದಾಸರ ಪದ. ನಾಟಕದೊಳಗೆ ಅದೇ ಪದ ಚುಚ್ಚುತ್ತದೆ. ಒಳಗೆ ಅಧಿಕಾರದ ಆಟ ನಡೆಯುತ್ತಿರುವಾಗ ಮೇಳದವರು, ಅಂದರೆ ಗುಂಪಾಗಿ ಹಾಡುವವರು, ವೈರಾಗ್ಯ ಹಾಡುತ್ತಾರೆ. ಹೊರಗೆ ಬಂದರೆ ಅದೇ ಮಟ್ಟು ಭಕ್ತಿಗೂ ಆಗುತ್ತದೆ. ನಮ್ಮ ಬೀದಿಯ ಭಜನಾ ಮಂಡಳಿಯ ಹಿರಿಯ ಹೆಂಗಸರು ಆ ಮಟ್ಟಿನಲ್ಲೇ ಹಾಡುತ್ತಾರೆ. ಅದು ಒಂದು ನಾಟಕದಿಂದ ಬಂತು, ಅದೂ ಮಠವನ್ನು ಲೇವಡಿ ಮಾಡುವ ನಾಟಕದಿಂದ ಬಂತು ಅಂತ ಅವರಿಗೆ ನಾನು ಹೇಳಿಲ್ಲ. ಹೇಳುವುದೂ ಇಲ್ಲ, ಪ್ರಸಾದ ನಿಂತುಹೋಗುತ್ತದೆ.

ಮೇಷ್ಟ್ರೇ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಹವ್ಯಾಸಿ ತಂಡ. ಕುವೆಂಪು ಕಲಾಮಂದಿರದ ಸ್ಟೇಜಿನ ಮೇಲೆ ಮೇಳದಲ್ಲಿ ನಿಂತು ಹಾಡಿದ್ದೇನೆ. ಮೈಯ ಮಾತು ನೀವು ಹೇಳಿದ್ದು ನಿಜ. ಕೂತು ಕಲಿತಾಗ ಸುಲಭ ಅನಿಸಿದ ಸಾಲು, ಬಗ್ಗಿ ಎದ್ದು ತಿರುಗಿ ಹಾಡುವಾಗ ಉಸಿರಿಗೆ ಸಿಗುವುದಿಲ್ಲ. ಆದರೆ ಅದಕ್ಕೆ ಹಾಡು ತೆಳು ಅಂತ ಆಗುತ್ತದಾ? ಗಾಯಕರಲ್ಲದವರು ಎಂಟು ಜನ ಒಟ್ಟಿಗೆ ಹಾಡಿದರೂ ಕೆಡದ ಮಟ್ಟು ಮಾಡುವುದು ಹುಡುಗಾಟವಲ್ಲ. ಕಷ್ಟ ಇದ್ದರೆ ಮಾತ್ರ ದೊಡ್ಡದು ಅನ್ನುವುದು ನಿಮ್ಮ ಲೆಕ್ಕ. ನನಗೆ ಅದೇ ಅನುಮಾನ.

ಪೆಟ್ಟಿಗೆ ಮೇಷ್ಟ್ರು, ಹಾಸನ

ಹೆಸರು ಹೇಳಿದ್ದಕ್ಕೆ ಸಂತೋಷ ಅಮ್ಮ. ಆದರೆ ನೀವು ಹೇಳಿದ್ದು ನನ್ನ ಕಡೆಗೇ ವಾಲುತ್ತದೆ. ಅದು ನಿಂತಿರುವುದು ದಾಸರ ಸಾಹಿತ್ಯದ ಬಲದ ಮೇಲೆ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅವರಿಗೆ ನಾಟಕ ಬೇಕಿರಲಿಲ್ಲ. ನಾಟಕಕ್ಕೇ ಬರೆದ, ನಾಟಕ ಬಿಟ್ಟರೂ ನಿಂತ ಹಾಡು ಕೇಳಿದ್ದು ನಾನು.

ಗಿರಿ ತಪ್ಪಲು, ಚಿಕ್ಕಮಗಳೂರು

ಸಾಹಿತ್ಯ ದಾಸರದ್ದೇ. ಆದರೆ ಅದೇ ಪದಕ್ಕೆ ಕಛೇರಿಯಲ್ಲಿ ಹಾಡುವ ಧಾಟಿ ಬೇರೆ ಇದೆ, ಮನೆಯಲ್ಲಿ ಅಜ್ಜಿ ಹಾಡುತ್ತಿದ್ದ ಧಾಟಿ ಬೇರೆ. ಅವನ್ನೆಲ್ಲ ಬಿಟ್ಟು ಜನ ಇದನ್ನೇ ಯಾಕೆ ಹಿಡಿದುಕೊಂಡರು? ಅದಕ್ಕೆ ಉತ್ತರ ಕೊಡಿ.

ಮತ್ತೆ ನಿಮ್ಮ ಕಂದ. ಸಂಧಾನದ ಸೀನಿನಿಂದ ಕಿತ್ತು, ಜುಬ್ಬಾ ಹಾಕಿ, ಸ್ಟ್ಯಾಂಡ್ ಮೈಕಿನ ಮುಂದೆ ನಿಲ್ಲಿಸಿ ಹಾಡಿಸಿ ನೋಡೋಣ. ಎದುರಿಗೆ ದುರ್ಯೋಧನ ಇಲ್ಲದೆ ಕೃಷ್ಣ ಯಾರಿಗೆ ಉತ್ತರ ಕೊಡುತ್ತಾನೆ? ಒಂದಕ್ಕೆ ಒಂದು ತಕ್ಕಡಿ, ಇನ್ನೊಂದಕ್ಕೆ ಬೇರೆ ತಕ್ಕಡಿ ಇಟ್ಟುಕೊಂಡಿದ್ದೀರಿ.

ಅರಸೀಕೆರೆ ಜಂಕ್ಷನ್

ದೊಡ್ಡವರ ಮಧ್ಯೆ ಬರುತ್ತಿದ್ದೇನೆ. ನಾನು ಆ ಜುಬ್ಬಾ ಗ್ಯಾಂಗಿನವನೇ, ಕೆಂಪು ವಸ್ತ್ರ ಬಾಡಿಗೆಗೆ ತಂದದ್ದು.

ಸಾರ್, ನಮಗೆ ನಾಟಕ ಎಲ್ಲಿ ಸಿಗುತ್ತದೆ? ನಮ್ಮ ಕಾಲೇಜಿನಲ್ಲಿ ನಾಟಕದ ಸಂಘ ಇಲ್ಲ. ಇರುವುದು ಹಾಡಿನ ಸ್ಪರ್ಧೆ ಮಾತ್ರ. ಆ ಹುಡುಗಿಗೆ ಪಾತ್ರ ಗೊತ್ತಿರಲಿಲ್ಲ ಅಂದಿರಿ, ಹೇಳಿಕೊಟ್ಟವರು ಯಾರಾದರೂ ಇದ್ದರಾ? ನಾನು ಮೊದಲು ಹಾಡು ಕಲಿತೆ. ಆಮೇಲೆ ಊರೂರು ತಿರುಗಿ ನಾಟಕ ಆಡುವ ಸಾಣೇಹಳ್ಳಿಯ ಶಿವಸಂಚಾರ ತಂಡದವರು ಈ ಕಡೆ ನಾಟಕ ತಂದಾಗ, ಹಾಡು ಇರುತ್ತದೆ ಅನ್ನುವ ಒಂದೇ ಆಸೆಗೆ ಹೋದೆ. ಹೆಗ್ಗೋಡಿನ ನೀನಾಸಂನವರ ತಿರುಗಾಟದ ನಾಟಕಕ್ಕೂ ಹಾಗೇ ಹೋದೆ. ಈಗ ಹಾಡಿಲ್ಲದ ನಾಟಕಕ್ಕೂ ಹೋಗುತ್ತೇನೆ. ಚಪ್ಪಾಳೆ ಹಾಡು ಇಲ್ಲದಿದ್ದರೆ ನಾನು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಕಂದ ಪದ್ಯ ನಾನು ಒಂದೂ ಸರಿಯಾಗಿ ಕೇಳಿಲ್ಲ. ಯೂಟ್ಯೂಬಿನಲ್ಲಿ ಹುಡುಕಿದೆ, ಬರೀ ಕಿರುಚಾಟ ಕೇಳಿಸಿತು. ಬೇಜಾರು ಮಾಡಿಕೊಳ್ಳಬೇಡಿ.

ಕೃಷ್ಣನ ಪಾರ್ಟು, ಹೊಳೆನರಸೀಪುರ

ಮಗಾ, ಅದು ಸೌಂಡ್ ಸಿಸ್ಟಮ್‌ನವನ ತಪ್ಪು. ಎಕೋ ಜಾಸ್ತಿ ಇಡುತ್ತಾನೆ. ನಮ್ಮ ಹಿಂದಿನವರು ಮೈಕಿಲ್ಲದೆ ಕೊನೇ ಸಾಲಿಗೆ ಮುಟ್ಟಿಸಬೇಕಿತ್ತು, ಅದಕ್ಕೆ ಏರು ಶ್ರುತಿಯಲ್ಲಿ ಹಾಡಿದರು. ಈಗ ಮೈಕೂ ಇದೆ, ಏರು ಶ್ರುತಿಯೂ ಇದೆ, ಎಕೋನೂ ಇದೆ. ಇನ್ನೇನು ಕೇಳಿಸುತ್ತದೆ?

ಪೆಟ್ಟಿಗೆ ಮೇಷ್ಟ್ರು, ಹಾಸನ

ಅರಸೀಕೆರೆ ಹುಡುಗ ಹೇಳಿದ್ದರಲ್ಲಿ ಸತ್ಯ ಇದೆ. ಹಾಗಾದರೆ ತಪ್ಪು ಸ್ಪರ್ಧೆ ಇಡುವವರದ್ದು. ಹಾಡುವ ಮೊದಲು ಯಾರು ಹಾಡುತ್ತಾರೆ, ಯಾಕೆ ಹಾಡುತ್ತಾರೆ ಅಂತ ಎರಡು ಮಾತು ಹೇಳಬೇಕು ಅಂತ ನಿಯಮ ಮಾಡಲಿ. ಅಷ್ಟಕ್ಕೇ ಅರ್ಧ ತಂಡ ನಾಟಕದ ಪುಸ್ತಕ ಹುಡುಕುತ್ತದೆ. ಮುಂದಿನ ಸಲ ನನ್ನನ್ನು ಕರೆದವರಿಗೆ ಇದನ್ನೇ ಹೇಳುತ್ತೇನೆ. ಒಪ್ಪದಿದ್ದರೆ ಪೆಟ್ಟಿಗೆ ಬೇರೆಯವರ ಹತ್ತಿರ ನುಡಿಸಿಕೊಳ್ಳಲಿ.

ಚಿಕ್ಕಮಗಳೂರಿನ ಅಮ್ಮನ ತಕ್ಕಡಿ ಮಾತಿಗೆ: ಕಂದ ಒಂಟಿಯಾಗಿ ನಿಲ್ಲುತ್ತದೆ ಅಂತ ನಾನು ಹೇಳಲಿಲ್ಲ. ನಿಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಅದನ್ನು ಯಾರೂ ಹೊತ್ತು ಮೆರೆಸುವುದಿಲ್ಲ. ಚಪ್ಪಾಳೆ ಹಾಡನ್ನು ಮೆರೆಸುತ್ತೀರಿ ಅನ್ನುವುದೇ ನನ್ನ ಜಗಳ. ಆದರೆ ಜನ ಆ ಧಾಟಿಯನ್ನೇ ಯಾಕೆ ಹಿಡಿದುಕೊಂಡರು ಅನ್ನುವ ನಿಮ್ಮ ಪ್ರಶ್ನೆಗೆ ಸದ್ಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗಿರಿ ತಪ್ಪಲು, ಚಿಕ್ಕಮಗಳೂರು

ಎರಡು ಮಾತಿನ ನಿಯಮ ಚೆನ್ನಾಗಿದೆ, ನಮ್ಮ ಜಿಲ್ಲೆಯಲ್ಲೂ ಕೇಳಿ ನೋಡುತ್ತೇನೆ. ಉಳಿದದ್ದಕ್ಕೆ ನಾನು ಸೋತಿಲ್ಲ.

ಅರಸೀಕೆರೆ ಜಂಕ್ಷನ್

ಮೇಷ್ಟ್ರೇ, ಶಾಂತಿಗ್ರಾಮದ ಕಡೆ ನಿಮ್ಮ ಮುಂದಿನ ಕುರುಕ್ಷೇತ್ರ ಯಾವಾಗ? ಸಂಧಾನಕ್ಕೆ ಸರಿಯಾಗಿ ಬರುತ್ತೇವೆ, ನಾಲ್ಕು ಜನ ಇದ್ದೇವೆ. ಎಕೋ ಕಡಿಮೆ ಮಾಡಿಸಿ.