ಕೆಂಪು ಬಾಲಿನಲ್ಲಿ ಕಲಿತರೆ ಆಮೇಲೆ ಕಷ್ಟ ಆಗುತ್ತದಾ?

ಮಗಳ ಬಾಲ್‌ಬಾಯ್: ಮಗಳಿಗೆ ಏಳು ವರ್ಷ, ಟೆನಿಸ್ ಶುರುಮಾಡಿ ಎರಡು ತಿಂಗಳು. ಮಾಮೂಲಿ ಹಳದಿ ಬಾಲ್ ಪುಟಿದರೆ ಅವಳ ತಲೆ ಮೇಲೆ ಹೋಗುತ್ತದೆ, ಹಿಂದೆ ಹಿಂದೆ ಓಡಿ ಕೊನೆಗೆ ಸುಮ್ನೆ ರಾಕೆಟ್ ಎತ್ತಿ ನಿಲ್ಲುತ್ತಾಳೆ. ಕಲಿಯುವ ಮಕ್ಕಳ ಮೆತ್ತನೆ ಕೆಂಪು ಬಾಲ್ ತಂದುಕೊಟ್ಟೆ, ಅದು ನೆಟ್ ದಾಟುವುದೇ ಇಲ್ಲ. ಮೆತ್ತನೆ ಬಾಲ್ ರೂಢಿಯಾದರೆ ಆಮೇಲೆ ನಿಜವಾದ ಬಾಲ್ ಆಡೋಕೆ ಬರಲ್ಲ ಅಂತ ಬೇರೆ ಹೆದರಿಸುತ್ತಿದ್ದಾರೆ.

ಹಳೇ ರಾಕೆಟ್: ಕೆಂಪು ಬಾಲನ್ನು ಪೂರ್ತಿ ಕೋರ್ಟ್‌ನಲ್ಲಿ ಆಡಿಸುತ್ತಿದ್ದೀರಿ, ಅಲ್ವಾ? ಎಡವಟ್ಟು ಅಲ್ಲೇ. ಅದು ಹಳದಿಗಿಂತ 75 ಶೇಕಡಾ ನಿಧಾನದ ಬಾಲ್, ಅದಕ್ಕೆ 11 ಮೀಟರ್ ಉದ್ದದ ಕೋರ್ಟ್, 80 ಸೆಂ.ಮೀ. ನೆಟ್ ಸಾಕು. ದೊಡ್ಡ ಕೋರ್ಟ್‌ನ ಅಗಲವೇ 10.97 ಮೀಟರ್, ಅಡ್ಡಡ್ಡಲಾಗಿ ಆಡಿಸಿ, ನಡುವೆ ಒಂದು ಹಗ್ಗ ಕಟ್ಟಿದರೆ ಆಯಿತು. ಬಾಲ್ ಸೊಂಟದ ಹತ್ತಿರ ಬಂದರೆ ತಾನಾಗಿ ಮುಂದೆ ಹೆಜ್ಜೆ ಇಟ್ಟು ಬೀಸುತ್ತಾಳೆ. ತಲೆ ಮೇಲಿನ ಬಾಲ್ ಹೊಡೆಯೋಕೆ ಹೋಗಿಯೇ ಮಕ್ಕಳು ರಾಕೆಟ್ಟನ್ನು ವಿಚಿತ್ರವಾಗಿ ಹಿಡಿಯುವುದು, ಆ ಹಿಡಿತ ಬಿಡಿಸೋದು ಬಾಲ್ ಬದಲಾಯಿಸೋದಕ್ಕಿಂತ ಕಷ್ಟ.

ಎಡಗೈ: ಹಳದಿ ಬಾಲೇ ಹಳೆಯದಾಗಿ ಸತ್ತಿದ್ದರೆ ಸಾಲದಾ? ಅದೂ ಕಡಿಮೆ ಪುಟಿಯುತ್ತದೆ.

ಹಳೇ ರಾಕೆಟ್: ಪುಟಿತ ಮಾತ್ರ ಕಡಿಮೆ. ಹಳದಿ ಬಾಲ್ ಸುಮಾರು 57 ಗ್ರಾಂ, ಕೆಂಪು 36ರಿಂದ 49, ಮೇಲೆ ಗಾತ್ರವೂ ಜಾಸ್ತಿ. ಹಗುರ, ದೊಡ್ಡದು ಅಂದರೆ ಗಾಳಿಯಲ್ಲೇ ವೇಗ ಇಳಿಯುತ್ತದೆ, ಮಗುವಿಗೆ ನೋಡಿ ಕಾಲು ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಸತ್ತ ಬಾಲ್ ಬರುವುದು ಅದೇ ರಭಸದಲ್ಲಿ, ಪುಟಿಯದೆ ಕಾಲ ಬುಡಕ್ಕೆ ಜಾರುತ್ತದೆ. ಆ ಸಣ್ಣ ಕೈಗೆ ಭಾರ ಬೇರೆ.

ಮೂವತ್ತೆಂಟಕ್ಕೆ ಶುರು: ನಾನೂ ಹಸಿರು ಬಾಲಿನಲ್ಲೇ ಕಲಿತೆ, ಅದು ಹಳದಿಗಿಂತ 25 ಶೇಕಡಾ ನಿಧಾನ, ಕೋರ್ಟ್ ಮಾತ್ರ ಪೂರ್ತಿ. ಮೊದಲ ದಿನ ನಾಚಿಕೆ ಆಯಿತು. ಆದರೆ ಹಳದಿಯಲ್ಲಿ ಎರಡು ಹೊಡೆತಕ್ಕೆ ಮುಗಿಯುತ್ತಿದ್ದ ರ‍್ಯಾಲಿ ಹತ್ತಕ್ಕೆ ಹೋಯಿತು. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಹಳದಿ ಬಾಲನ್ನೇ ಕೈಬಿಟ್ಟಿದೆ, ಹೆದರಿಸುವವರಿಗೆ ಅದನ್ನು ಹೇಳಿ.

ಎಡಗೈ: ಒಪ್ಪಿದೆ. ಆದರೆ ಕೆಂಪಿನಲ್ಲೇ ವರ್ಷಗಟ್ಟಲೆ ಕೂರಿಸಬೇಡಿ. ರ‍್ಯಾಲಿ ಸಲೀಸಾದರೆ ಕೆಂಪು-ಹಸಿರಿನ ನಡುವಿನ ಕಿತ್ತಳೆ ಬಾಲಿಗೆ ಹೋಗಿ, ಅದಕ್ಕೆ 18 ಮೀಟರ್ ಕೋರ್ಟ್. ಮೊದಮೊದಲು ತಡವಾಗಿ ಬೀಸುತ್ತಾಳೆ, ಬೈಯಬೇಡಿ.

ಮಗಳ ಬಾಲ್‌ಬಾಯ್: ಇವತ್ತು ಅಡ್ಡಡ್ಡ ಆಡಿಸಿದೆ. ಆರು ಹೊಡೆತದ ರ‍್ಯಾಲಿ! ಏಳನೆಯದು ತಪ್ಪಿಸಿದ್ದು ನಾನೇ.