ತಮ್ಮ ದಿನಾ ‘ಆಲ್ಫಾ’ ರೀಲ್ಸ್ ನೋಡ್ತಾನ, ಮಾತೆಲ್ಲ ಬ್ಯಾರೆ ಆಗ್ಯಾವ: ಅನುಭವ ಇದ್ದವರು ಹೇಳ್ರಿ

ಕೇಳಿದವರು: ಕಲಬುರಗಿ, ಅಕ್ಕ

ತಮ್ಮಗ 22. ಬಿ.ಕಾಂ. ಮುಗಿಸಿ ಪಿಎಸ್‌ಐ, ಎಫ್‌ಡಿಎ ಸರ್ಕಾರಿ ನೌಕರಿ ಪರೀಕ್ಷೆ ತಯಾರಿ ಅಂತ ಮನ್ಯಾಗೇ ಇದ್ದಾನ. ರಾತ್ರಿ ಎರಡರ ತನಕ ಶಾರ್ಟ್ಸ್. ಮೊದಲು ಜಿಮ್ ವಿಡಿಯೊ ನೋಡ್ತಿದ್ದ, ಆಮೇಲೆ ‘ಆಲ್ಫಾ’ ಅಂದ್ರ ‘ಖರೇ ಗಂಡಸು’ ಹೆಂಗಿರಬೇಕು ಅಂತ ಹೇಳೋರ ವಿಡಿಯೊ. ಈಗ ‘ಹೆಣ್ಮಕ್ಕಳಿಗೆ ಓದಿಸಿದ್ದೇ ತಪ್ಪಾಗ್ಯಾದ’, ‘ಈ ದೇಶದಾಗ ಗಂಡಸರಿಗೆ ಕಾನೂನೇ ಇಲ್ಲ’ ಅಂತ ನನ್ನ ಮುಂದೇ ಅಂತಾನ. ಯಾವುದೋ ಟೆಲಿಗ್ರಾಂ ಗ್ರೂಪಿಗೆ ರೊಕ್ಕನೂ ಕಟ್ಟ್ಯಾನ. ಅಪ್ಪ ಫೋನ್ ಒಡೀತೀನಿ ಅಂತ ನಿಂತಾರ. ನಿಮ್ಮ ಮನ್ಯಾಗ ಹಿಂಗಾಗಿದ್ರ ಏನು ಮಾಡಿದ್ರಿ, ಎಷ್ಟು ಖರ್ಚಾಯ್ತು, ಯಾವುದು ಉಪಯೋಗ ಆಗ್ಲಿಲ್ಲ, ಹೇಳ್ರಿ.

ಬೀದರ್, ಮೊಬೈಲ್ ರಿಪೇರಿ ಅಂಗಡಿ

ಫೋನ್ ಒಡ್ಯೋದು ಬ್ಯಾಡ್ರಿ, ಒಳಗಿನ ಹಿಸ್ಟರಿ ತೊಳೀರಿ. ಯೂಟ್ಯೂಬಿನಾಗ ಸೆಟ್ಟಿಂಗ್ಸ್, ಅಲ್ಲಿಂದ ‘ಮ್ಯಾನೇಜ್ ಆಲ್ ಹಿಸ್ಟರಿ’. ನೋಡಿದ್ದು, ಹುಡುಕಿದ್ದು ಎರಡೂ ಅಳಸ್ರಿ. ಭಾಳ ಮಂದಿ ನೋಡಿದ್ದಷ್ಟೇ ಅಳಿಸಿ ಬಿಡ್ತಾರ, ಹುಡುಕಿದ್ದು ಹಂಗೇ ಉಳೀತದ, ಮತ್ತ ಅದೇ ಕಸ ಬಂದು ಬೀಳ್ತದ. ಆಮೇಲೆ ಹಿಸ್ಟರಿ ಆಫ್ ಮಾಡ್ರಿ. 2023ರ ಆಗಸ್ಟ್‌ನಿಂದ, ಹಿಸ್ಟರಿ ಆಫ್ ಇದ್ದು ಹಳೇದು ಏನೂ ಇಲ್ಲಂದ್ರ ಹೋಮ್ ಪೇಜ್ ಖಾಲಿ ಕಾಣ್ತದ.

‘ನಾಟ್ ಇಂಟರೆಸ್ಟೆಡ್’ ಒತ್ತಿ ಒತ್ತಿ ಬಟ್ಟು ಸವೆಸಬ್ಯಾಡ್ರಿ. 2022ರಾಗ ಫೈರ್‌ಫಾಕ್ಸ್ ಬ್ರೌಸರ್ ಮಾಡೋ ಮೊಜಿಲ್ಲಾದವರು ಇದನ್ನೇ ಅಳೆದಾರ: ಆ ಗುಂಡಿ ಬ್ಯಾಡಾದ ವಿಡಿಯೊ ತಡೆದಿದ್ದು ಶೇ. 11, ಡಿಸ್‌ಲೈಕ್ ಶೇ. 12, ‘ಈ ಚಾನೆಲ್ ತೋರಿಸಬ್ಯಾಡ’ ಅನ್ನೋದು ಶೇ. 43. ಅಂದ್ರ ಭಾರೀ ಗುಂಡಿನೂ ಅರ್ಧಕ್ಕ ಮುಟ್ಟಲ್ಲ.

ಇನ್‌ಸ್ಟಾದಾಗ ‘ಕಂಟೆಂಟ್ ಪ್ರಿಫರೆನ್ಸಸ್’ ಒಳಗ ‘ರಿಸೆಟ್ ಸಜೆಸ್ಟೆಡ್ ಕಂಟೆಂಟ್’ ಅದ. ಮಾಡೋಮುಂದ ಅವನು ಫಾಲೋ ಮಾಡೋರ ಪಟ್ಟಿ ತೋರಿಸ್ತದ, ಅಲ್ಲೇ ಬ್ಯಾಡಾದವ್ರನ್ನ ತೆಗೀರಿ. ತೆಗೀಲಿಲ್ಲಂದ್ರ ರಿಸೆಟ್ ಫುಕಟ. ರಿಸೆಟ್ ಆದ ಕೂಡ್ಲೆ ಅವನಿಗೆ ಮೊದಲು ಸೇರ್ತಿದ್ದ ಬೈಕು, ಕ್ರಿಕೆಟ್ಟು, ಅಡಿಗಿ ಏನರ ಇರಲಿ, ಕಡೀ ತನಕ ನೋಡಬೇಕು. ಮೆಷಿನ್ನು ಲೆಕ್ಕ ಹಿಡಿಯೋದು ಎಷ್ಟೊತ್ತು ನೋಡ್ದಿ, ತಿರುಗಿ ನೋಡ್ದೇನು, ಕಾಮೆಂಟ್ ಹಾಕ್ದೇನು ಅಂತ. ಸಿಟ್ಟಿಗೆದ್ದು ಬೈದು ಕಾಮೆಂಟ್ ಹಾಕಿದ್ರೂ ಅದಕ್ಕ ಖುಷಿನೇ. ಇದೆಲ್ಲ ಅವನ ಕೈಲೇ ಮಾಡಸ್ರಿ, ಕದ್ದು ಮಾಡಿದ್ರ ಇನ್ನೊಂದು ಅಕೌಂಟ್ ತೆಗೀತಾನ.

ಶಹಾಪುರ, ತಾಯಿ

ಈ ರಿಸೆಟ್ ಎಲ್ಲ ಅಂಗಡಿಯವರ ಮಾತು. ನಾವು ಸ್ಮಾರ್ಟ್ ಫೋನೇ ತೆಗೆದು ಕೀಪ್ಯಾಡ್ ಕೊಟ್ಟೀವಿ, ಇವತ್ತಿಗೂ ಅದೇ ಬರೋಬರಿ ಅಂತೀನಿ. ಆದ್ರ ಹಿಸಾಬ ತಿಳ್ಕೊಂಡು ಮಾಡ್ರಿ. ಕೀಪ್ಯಾಡಿಗೆ 1,800. ಕೋಚಿಂಗ್ ನೋಟ್ಸ್ ಎಲ್ಲ ವಾಟ್ಸಾಪ್ ಪಿಡಿಎಫ್, ಅದನ್ನ ನಮ್ಮ ಫೋನಿಗೆ ತರಿಸಿ ಝೆರಾಕ್ಸ್ ಮಾಡಸಬೇಕು. ಪಾನಿಗೆ ಎರಡು ರೂಪಾಯಿ ಅಂದ್ರೂ 300 ಪಾನಿಂದು ಒಂದು ವಿಷಯಕ್ಕ 600 ಆಯ್ತು. ಫೋನ್‌ಪೇ ನಡ್ಯಂಗಿಲ್ಲ, ಕೈಯಾಗ ನಗದು ಕೊಡಬೇಕು, ಕೊಡೋವಾಗೆಲ್ಲ ಮನ್ಯಾಗ ಜಗಳ. ಅರ್ಜಿ ಹಾಕೋದು ಸೈಬರ್‌ನಾಗ. ಒಟಿಪಿ ಕೀಪ್ಯಾಡಿಗೇ ಬರ್ತದ, ಅದು ತ್ರಾಸಿಲ್ಲ. ಫೋಟೊ, ಸಹಿ ಮಾತ್ರ ಮೊದಲೇ ಸಣ್ಣ ಸೈಜ್ ಮಾಡಿ ಪೆನ್‌ಡ್ರೈವಿನಾಗ ಇಡ್ರಿ, ಇಲ್ಲಂದ್ರ ಕಡೀ ದಿನ ಸರ್ವರ್ ಹೋದಾಗ ಅಳಬೇಕಾಗ್ತದ.

ಬೀದರ್, ಮೊಬೈಲ್ ರಿಪೇರಿ ಅಂಗಡಿ

ಅಮ್ಮಾರ, ರಿಸೆಟ್‌ಗೆ ನಾ ಒಂದು ಪೈಸೆ ತಗೋಳಂಗಿಲ್ಲ. ನಿಮ್ಮ ಹುಡುಗ ಗೆಳೆಯರ ಫೋನಿನಾಗ ನೋಡಲ್ಲಂತ ಯಾರು ಬರ್ಕೊಟ್ಟಾರ?

ಶಹಾಪುರ, ತಾಯಿ

ನೋಡ್ತಾನ. ಒಂದು ತಾಸು ನೋಡ್ತಾನ, ರಾತ್ರಿ ಎರಡರ ತನಕ ಅಲ್ಲ. ಹಾಸಿಗ್ಯಾಗ ಫೋನ್ ಇಲ್ಲ ಅನ್ನೋದೇ ದೊಡ್ಡದು. ನಿಮಗ ಮಕ್ಕಳು ದೊಡ್ಡವರಾದ ಮ್ಯಾಲ ಮಾತಾಡ್ರಿ.

ಕಲಬುರಗಿ, ಪದವಿ ಕಾಲೇಜು ಉಪನ್ಯಾಸಕ

ಗುಂಡಿ ಒತ್ತುವ ಮೊದಲು, ಅವನು ಅಲ್ಲಿಗೆ ಹೇಗೆ ತಲುಪಿದ ಅನ್ನೋದು ಗೊತ್ತಿರಬೇಕು. ಈ ರೀಲ್ಸ್‌ನವರು ಮೊದಲು ಕೊಡುವುದು ಒಳ್ಳೆಯ ಸಲಹೆಯನ್ನೇ: ಐದಕ್ಕೆ ಏಳು, ಕೋಣೆ ಚೊಕ್ಕಟವಾಗಿಡು, ಅಶ್ಲೀಲ ವಿಡಿಯೊ ಬಿಡು, ಮೈ ಬೆಳೆಸು. ಮನೆಯಲ್ಲಿ ಯಾರೂ ಅಷ್ಟು ಅಕ್ಕರೆಯಿಂದ ಹೇಳಿರುವುದಿಲ್ಲ, ಹೇಳಿದ್ದರೆ ಬೈದು ಹೇಳಿರುತ್ತಾರೆ. ಎರಡನೆಯದು ‘ನಿನಗೆ ಅನ್ಯಾಯವಾಗಿದೆ’. ಮೂರನೆಯದು ಅನ್ಯಾಯ ಮಾಡಿದವರ ಹೆಸರು: ಹೆಣ್ಣು, ಇನ್ನೊಂದು ಕೋಮು, ಮೀಸಲಾತಿ. ನಾಲ್ಕನೆಯದು ದುಡ್ಡು.

ಹೆಣ್ಣು ನಿಂದಿಸುವ ವಿಡಿಯೊಗಳಿಂದ ಹೆಸರಾದ ಇನ್‌ಫ್ಲುಯೆನ್ಸರ್ ಆಂಡ್ರ್ಯೂ ಟೇಟ್‌ನ ಹೆಸರು ಯೂರೋಪಿನಿಂದ ಅಫಜಲಪುರದವರೆಗೆ ಬಂದದ್ದು ಇದೇ ವ್ಯಾಪಾರದಿಂದ. ಅವನ ಆನ್‌ಲೈನ್ ಕೋರ್ಸಿಗೆ ತಿಂಗಳಿಗೆ ಸುಮಾರು 50 ಡಾಲರ್ ಕಟ್ಟಿದ ಸದಸ್ಯರೇ ಅವನ ತುಣುಕುಗಳನ್ನು ತಮ್ಮ ತಮ್ಮ ಖಾತೆಯಲ್ಲಿ ಹಾಕುತ್ತಿದ್ದರು, ಅವರ ಲಿಂಕ್‌ನಿಂದ ಹೊಸಬರು ಸೇರಿದರೆ ಕಮಿಷನ್. 2022ರ ಆಗಸ್ಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಅವನನ್ನು ಹೊರಹಾಕಿದರೂ ತುಣುಕುಗಳು ನಿಲ್ಲಲಿಲ್ಲ, ಯಾಕೆಂದರೆ ಖಾತೆಗಳು ಅವನವಲ್ಲ. ಒಂದು ಚಾನೆಲ್ ಮುಚ್ಚಿದರೆ ಸಾಲದು ಎನ್ನುವುದಕ್ಕೆ ಕಾರಣ ಇದು. ಅದೇ ಡಿಸೆಂಬರ್‌ನಲ್ಲಿ ರೊಮೇನಿಯಾದಲ್ಲಿ ಮಾನವ ಕಳ್ಳಸಾಗಣೆ ಆರೋಪದ ಮೇಲೆ ಬಂಧನವಾಯಿತು. ಆತ ಆರೋಪ ನಿರಾಕರಿಸುತ್ತಾನೆ. ಇದನ್ನು ಹುಡುಗನ ಮುಂದೆ ಹೇಳಿ ಗೆಲ್ಲುತ್ತೇನೆ ಅಂದುಕೊಳ್ಳಬೇಡಿ. ‘ಸತ್ಯ ಹೇಳಿದವನನ್ನು ಹಿಡಿದರು’ ಎಂಬ ಉತ್ತರ ಅವನಿಗೆ ಮೊದಲೇ ಕಲಿಸಿಟ್ಟಿರುತ್ತಾರೆ.

ದಕ್ಷಿಣ ಕೊರಿಯಾದಲ್ಲಿ 2022ರ ಅಧ್ಯಕ್ಷ ಚುನಾವಣೆಯಲ್ಲಿ ಮಹಿಳಾ ಸಚಿವಾಲಯವನ್ನೇ ಮುಚ್ಚುತ್ತೇನೆ ಎಂದ ಅಭ್ಯರ್ಥಿಗೆ, ಮತಗಟ್ಟೆ ಸಮೀಕ್ಷೆ ಪ್ರಕಾರ, 20ರ ಹರೆಯದ ಗಂಡಸರಲ್ಲಿ ಶೇ. 58ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಅಲ್ಲಿನ ಹುಡುಗರ ಹುಣ್ಣು ಕಡ್ಡಾಯ ಸೈನ್ಯ ಸೇವೆ. ನಮ್ಮ ಕಡೆ ಹುಣ್ಣು ಬೇರೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ಕ್ಕೆ ಪರೀಕ್ಷೆ, ಇದೇ ಕಲಬುರಗಿಯ ಕೇಂದ್ರವೊಂದರಿಂದ ಅಕ್ರಮ ಹೊರಬಿತ್ತು, 2022ರ ಏಪ್ರಿಲ್‌ನಲ್ಲಿ ರದ್ದು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಓದಿದವನು ಆ ಎರಡು ವರ್ಷ ಎಲ್ಲಿ ಕೂತಿರಬೇಕು? ಕಲ್ಯಾಣ ಕರ್ನಾಟಕದ ಗ್ರೂಪ್ ಸಿ ಹುದ್ದೆಗಳಲ್ಲಿ ಸಂವಿಧಾನದ 371ಜೆ ವಿಧಿಯಡಿ ಶೇ. 80 ಇಲ್ಲಿನ ನಮ್ಮವರಿಗೇ ಮೀಸಲು ಎಂದು ಕಾಗದದಲ್ಲಿದೆ, ನೇಮಕಾತಿಯೇ ಹೊರಡದಿದ್ದರೆ ಎಂಬತ್ತರಿಂದ ಏನು ಪ್ರಯೋಜನ? ಆ ಸಿಟ್ಟು ನಿಜ. ಅದಕ್ಕೆ ತಪ್ಪು ವಿಳಾಸ ಬರೆದುಕೊಟ್ಟವರು ಈ ಇನ್‌ಫ್ಲುಯೆನ್ಸರ್‌ಗಳು.

ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಿದ್ದಿ ಹಿಂದಕ್ಕೆ ಕಳಿಸಿದಳು, ಅವನು ಹೋದ. ಹೆಂಡತಿಯ ಮಾತು ಕೇಳಿ ಗಂಡಸುತನ ಕಳಕೊಂಡ ಅಂತ ಶರಣರಲ್ಲಿ ಯಾರೂ ಅನ್ನಲಿಲ್ಲ. ಬಸವಕಲ್ಯಾಣ ಇರುವ ನೆಲದ ಹುಡುಗರಿಗೆ ಗಂಡಸಾಗುವುದನ್ನು ಹೊರಗಿನವರು ಕಲಿಸಬೇಕಾದ ಗತಿ ಬಂದದ್ದು ನನಗೆ ನೋವಿನ ಸಂಗತಿ.

ಶಹಾಪುರ, ತಾಯಿ

ಸರ್, ಶರಣರು ಪೂಜ್ಯರು. ಆದ್ರ ರಾತ್ರಿ ಎರಡಕ್ಕ ಹುಡುಗನ ಕೈಯಾಗ ಇರೋದು ಫೋನು. ಕಾರಣ ಹೇಳೋರು ಭಾಳ ಮಂದಿ ಸಿಗ್ತಾರ.

ಯಾದಗಿರಿ, ಬ್ಯಾಂಕ್ ನೌಕರ

ಸರ್, ‘ಇನ್ನೊಂದು ಕೋಮು’ ಅಂತನೂ ಅಂದ್ರಿ, ಎಲ್ಲಾನೂ ಬಲಪಂಥ ಅಂತ ಒಂದೇ ಚೀಲಕ್ಕ ತುಂಬಬ್ಯಾಡ್ರಿ. ಹುಡುಗ ಗುಡಿಗೆ ಹೋಗೋದು, ಹಣಿಗೆ ಕುಂಕುಮ ಹಚ್ಚೋದು, ದೇಶ ಅನ್ನೋದು ರೋಗ ಅಲ್ಲ. ನಮ್ಮಂಥವ್ರ ಮನ್ಯಾಗ ಇದೆಲ್ಲ ಮೊದಲಿಂದ ಅದ, ಅಕ್ಕ-ತಂಗೇರ ಮ್ಯಾಲ ದ್ವೇಷ ಎಂದೂ ಇಲ್ಲ. ಹೆಣ್ಣು ನಿಂದಿಸಿ ರೊಕ್ಕ ಮಾಡೋನು ಬ್ಯಾರೆ, ಧರ್ಮ ಹೇಳೋನು ಬ್ಯಾರೆ. ಇಬ್ಬರನ್ನೂ ಒಂದೇ ಅಂದ್ರ ಹುಡುಗ ಇನ್ನೂ ಅವರ ಕಡೆನೇ ಹೋಗ್ತಾನ.

ಕಲಬುರಗಿ, ಪದವಿ ಕಾಲೇಜು ಉಪನ್ಯಾಸಕ

ಗುಡಿಗೆ ಹೋಗುವುದನ್ನು ನಾನು ಎಲ್ಲಿಯೂ ರೋಗ ಅಂದಿಲ್ಲ, ಓದಿ ನೋಡಿ. ಆದರೆ ಒಂದೇ ಖಾತೆ ಬೆಳಿಗ್ಗೆ ಸುಪ್ರಭಾತ ಹಾಕಿ ಸಂಜೆ ‘ಕೆಲಸಕ್ಕೆ ಹೋಗುವ ಹೆಂಡತಿ ಬೇಡ’ ಅಂತ ಹಾಕಿದಾಗ ಎರಡನ್ನೂ ಬೆರೆಸಿದವರು ನಾನಲ್ಲ. ಆ ಬೆರಕೆಗೆ ನಿಮ್ಮಂಥವರೇ ಮೊದಲು ಸಿಟ್ಟಾಗಬೇಕು.

ಯಾದಗಿರಿ, ಬ್ಯಾಂಕ್ ನೌಕರ

ಸಿಟ್ಟಾಗೀನಿ, ಆ ಖಾತೆಗೆ ರಿಪೋರ್ಟ್ ಹೊಡೆದೀನಿ. ಫ್ರೀ ಬಸ್ಸಿನಾಗ ಟಿಕೆಟ್ ತಗೊಂಡು ಗುರುಮಠಕಲ್ ತನಕ ನಿಂತು ಹೋಗೋ ಹುಡುಗನ ಸಿಟ್ಟಿಗೂ ನೀವೊಂದು ಸಾಲು ಬರೀಬಹುದಿತ್ತು.

ಕಲಬುರಗಿ, ಪದವಿ ಕಾಲೇಜು ಉಪನ್ಯಾಸಕ

ಬರೆಯುತ್ತೇನೆ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು, ಬಸ್ಸು ಆ ಲೆಕ್ಕದಲ್ಲಿ ಹೆಚ್ಚಲಿಲ್ಲ. ನೂಕುನುಗ್ಗಲಿಗೆ ಕೇಳಬೇಕಾದ್ದು ಬಸ್ಸನ್ನು. ನಿಂತ ಹುಡುಗನಿಗೆ ಸರ್ಕಾರ ಏನೂ ಕೊಟ್ಟಿಲ್ಲ ಅಂತ ರೀಲ್ಸ್ ಹೇಳುತ್ತದೆ, ಯುವನಿಧಿಯ ಹೆಸರೇ ಎತ್ತುವುದಿಲ್ಲ. ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸೇವಾಸಿಂಧುವಿನಲ್ಲಿ. ಕೆಲಸ ಸಿಕ್ಕಿಲ್ಲವೆಂದು ಸ್ವಯಂ ಘೋಷಣೆ ಕೊಡುತ್ತಿರಬೇಕು, ಅದನ್ನು ಮರೆತು ಹಣ ನಿಲ್ಲಿಸಿಕೊಂಡವರು ಬಹಳ. ಅಕ್ಕಾವ್ರೇ, ನಿಮ್ಮ ತಮ್ಮ ಬಿ.ಕಾಂ., ಹಾಕಿಸಿದ್ದೀರಾ?

ಕಲಬುರಗಿ, ಜಿಮ್ ಟ್ರೇನರ್

ಮೊದಲ ಸಾಲಿನಾಗೇ ‘ಜಿಮ್ ವಿಡಿಯೊದಿಂದ ಶುರು’ ಅಂತ ಬರೆದ್ರ ಎಲ್ಲಾರೂ ನಮ್ಮ ಕಡೆ ಬಟ್ಟು ತೋರಸ್ತಾರ. ಹುಡುಗೂರನ್ನ ಸಂಜಿ ಎರಡು ತಾಸು ಫೋನಿಂದ ದೂರ ಇಡೋರು ನಾವು. ಕೆಡೋದು ಎಲ್ಲಿ ಅಂದ್ರ, ವಿಡಿಯೊದಾಗ ‘ನಿನ್ನ ಟೆಸ್ಟೊಸ್ಟೆರಾನ್ (ಗಂಡಸಿನ ಹಾರ್ಮೋನ್) ಇಳಿದದ, ಅದಕ್ಕೇ ನೀ ಗಂಡಸಲ್ಲ’ ಅಂತ ಅಂಜಿಸಿ ಬೂಸ್ಟರ್ ಮಾರ್ತಾರ, ಅದರ ಮುಂದಿನ ಮೆಟ್ಟಲು ಇಂಜೆಕ್ಷನ್. ಹೊರಗಿನಿಂದ ಹಾರ್ಮೋನ್ ಚುಚ್ಚಿದ್ರ ಮೈ ತನ್ನದನ್ನ ಮಾಡೋದು ನಿಲ್ಲಸ್ತದ. ವೃಷಣ ಸಣ್ಣವಾಗ್ತಾವ, ವೀರ್ಯಾಣು ಇಳೀತಾವ, ಎದಿ ಉಬ್ಬಬಹುದು. ಗಂಡಸಾಗಾಕ ಹೋಗಿ ಮಕ್ಕಳಾಗದ ಸ್ಥಿತಿಗೆ ಬರ್ತಾರ. ಅನುಮಾನ ಇದ್ರ ಮುಂಜಾನೆ ರಕ್ತ ಕೊಟ್ಟು ಟೋಟಲ್ ಟೆಸ್ಟೊಸ್ಟೆರಾನ್ ಮಾಡಸ್ರಿ. ಮುಂಜಾನೆ ಯಾಕಂದ್ರ ಆಗಲೇ ಅದು ಹೆಚ್ಚಿರ್ತದ, ಸಂಜಿ ಮಾಡಿಸಿ ಕಡಿಮಿ ಬಂತಂತ ಅಂಜಬಾರದು.

ಮೈ ಕಟ್ಟಾಕ ತೂಕದ ಕಿಲೋಕ್ಕ 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ಇದ್ದವಗ 96 ಗ್ರಾಂ. ವ್ಹೇ (ಹಾಲಿನ ಪ್ರೋಟೀನ್ ಪುಡಿ) ಒಂದು ಸ್ಕೂಪ್ ಅಂದ್ರ ಸುಮಾರು 24 ಗ್ರಾಂ.

ಸೇಡಂ, ತೊಗರಿ ಬೆಳೆಗಾರ

ನಮ್ಮ ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್ ಬಂದದ, ನೀವು ಡಬ್ಬದ ಪುಡಿ ಮಾರ್ತೀರಿ. ನೂರು ಗ್ರಾಂ ಬ್ಯಾಳ್ಯಾಗ 22 ಗ್ರಾಂ ಪ್ರೋಟೀನ್ ಅದ. ಅದನ್ನೂ ಹೇಳ್ರಿ.

ಕಲಬುರಗಿ, ಜಿಮ್ ಟ್ರೇನರ್

ಅಣ್ಣಾರ, 96 ಗ್ರಾಂ ಬರೇ ಬ್ಯಾಳಿಲೆ ತುಂಬಸಬೇಕಂದ್ರ ಹಸಿ ಬ್ಯಾಳಿ 430 ಗ್ರಾಮಿನ ಮ್ಯಾಲ ಬೇಯಸಬೇಕು, ಯಾರು ಉಣ್ತಾರ? ತತ್ತಿ ಒಂದಕ್ಕ 6, ಶೇಂಗಾ ನೂರಕ್ಕ 25, ಜ್ವಾಳ ನೂರಕ್ಕ 10. ರೊಟ್ಟಿ, ಬ್ಯಾಳಿ, ಶೇಂಗಾ ಹಿಂಡಿ, ನಾಲ್ಕು ತತ್ತಿ ಕೂಡಿಸಿದ್ರ ಡಬ್ಬ ಬ್ಯಾಡ. ನಾನೂ ಅದನ್ನೇ ಹೇಳೋದು.

ಸೇಡಂ, ತೊಗರಿ ಬೆಳೆಗಾರ

ಹಂಗಾದ್ರ ಮೊದಲು ಸ್ಕೂಪ್ ಮಾತು ಯಾಕ ತೆಗೆದ್ರಿ?

ಬಸವಕಲ್ಯಾಣ, ವಕೀಲ

ತೊಗರಿ ಆಮೇಲೆ ನೋಡೋಣ. ‘ಗಂಡಸರಿಗೆ ಕಾನೂನೇ ಇಲ್ಲ’ ಅನ್ನೋ ಮಾತು 2024ರ ಡಿಸೆಂಬರ್‌ನಲ್ಲಿ ಹೆಂಡತಿ ಕಡೆಯವರ ಮೇಲೆ ಆರೋಪ ಹೊರಿಸಿದ ಬೆಂಗಳೂರು ಟೆಕ್ಕಿಯೊಬ್ಬರ ಆತ್ಮಹತ್ಯೆ ನಂತರ ಪ್ರತಿ ಹುಡುಗನ ಫೋನಿನಲ್ಲಿದೆ. ಆ ಸಾವಿನ ದುಃಖ ಅವನಿಗೆ ನಿಜವಾಗಿ ತಟ್ಟಿರುತ್ತದೆ, ಅದನ್ನು ಹಗುರ ಮಾಡಬೇಡಿ. ಕಾನೂನು ಹೀಗಿದೆ ಅಂತ ಹೇಳಿ: ಹೆಂಡತಿಗೆ ಗಂಡ, ಗಂಡನ ಮನೆಯವರು ಕೊಡುವ ಹಿಂಸೆಯ ಹಳೆಯ ಕಲಂ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 85, ಗರಿಷ್ಠ 3 ವರ್ಷ. ದೂರು ಬಂದ ಕೂಡಲೇ ಎಳೆದೊಯ್ಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಬಂಧನ ಅಗತ್ಯವಿಲ್ಲದಿದ್ದರೆ ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ನೋಟಿಸ್ ಕೊಟ್ಟು ಕರೆಸಬೇಕು. ರೀಲ್ಸ್‌ನವರು ಈ ಭಾಗ ಕತ್ತರಿಸಿರುತ್ತಾರೆ.

ಟೆಲಿಗ್ರಾಂ ದುಡ್ಡು ಒಂದೇ ಸಲ ಕಟ್ಟಿದ್ದೋ, ತಿಂಗಳು ತಿಂಗಳು ತಾನೇ ಕಡಿತವಾಗುವ ಆಟೋಪೇ ಇದೆಯೋ ನೋಡಿ.

ಬೀದರ್, ನರ್ಸ್

ಯಾರೂ ನಿದ್ದಿ ಬಗ್ಗೆ ಕೇಳ್ಲಿಲ್ಲ. ರಾತ್ರಿ ಎರಡರ ತನಕ ಎಚ್ಚರ, ಊಟ ಕಡಿಮಿ, ‘ನನ್ನಿಂದ ಏನೂ ಆಗಲ್ಲ’ ಅಂತಿದ್ರ ಅದು ಬರೇ ಸೊಕ್ಕಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, ಹಗಲು ರಾತ್ರಿ, ಕನ್ನಡದಾಗ ಮಾತಾಡ್ತಾರ. ನಂಬರ್ ಅವನ ಕೈಗೆ ಕೊಡ್ರಿ, ಅವನ ಪರವಾಗಿ ನೀವು ಮಾಡಿದ್ರೂ ದಾರಿ ಹೇಳ್ತಾರ.

ಕೇಳಿದವರು: ಕಲಬುರಗಿ, ಅಕ್ಕ

ವಕೀಲರೆ, ಆಟೋಪೇನೇ ಅದ. ತಿಂಗಳಿಗೆ 999. ಅವನೇ ತೋರಿಸ್ದ, ‘ನಿಲ್ಲಸಾಕ ಬರಲ್ಲ’ ಅಂತ ಗ್ರೂಪಿನವರು ಹೇಳ್ಯಾರಂತ. ಯುವನಿಧಿ ಹಾಕಿಲ್ಲ ಸರ್, ನಾಳೆ ಹಾಕಸ್ತೀನಿ.

ಬಸವಕಲ್ಯಾಣ, ವಕೀಲ

ಸುಳ್ಳು. ಯುಪಿಐ ಆ್ಯಪ್‌ನಲ್ಲಿ ಆಟೋಪೇ ವಿಭಾಗ ತೆರೆದರೆ ಆ ಮ್ಯಾಂಡೇಟ್ (ಕಡಿತಕ್ಕೆ ಕೊಟ್ಟ ಅನುಮತಿ) ಕಾಣುತ್ತದೆ, ರದ್ದು ಮಾಡುವ ಗುಂಡಿ ಅಲ್ಲೇ ಇದೆ, ಪಿನ್ ಹಾಕಿದರೆ ಮುಗಿಯಿತು, ಗ್ರೂಪಿನವರ ಒಪ್ಪಿಗೆ ಬೇಕಿಲ್ಲ. ಕಡಿತಕ್ಕೆ 24 ತಾಸು ಮೊದಲು ಸೂಚನೆ ಬರಲೇಬೇಕು, ಅದಕ್ಕೂ ಮುಂಚೆ ಮಾಡಿ. ಮಾಡುವ ಮೊದಲು ಗ್ರೂಪಿನ ಹೆಸರು, ದುಡ್ಡು ಹೋದ ಯುಪಿಐ ಐಡಿ, ‘ಗ್ಯಾರಂಟಿ ಗಳಿಕೆ’ ಅಂತ ಬರೆದ ಮೆಸೇಜ್ ಇದ್ದರೆ ಅದು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಗ್ರೂಪಿನಿಂದ ಹೊರಬಂದರೆ ಆಮೇಲೆ ಸಿಗುವುದಿಲ್ಲ. ಗಳಿಕೆ ಆಸೆ ತೋರಿಸಿ ತಗೊಂಡಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿ.

ಶಹಾಪುರ, ತಾಯಿ

ಕೀಪ್ಯಾಡ್ ಫೋನಿನಾಗ ಆಟೋಪೇ ಇರಂಗಿಲ್ಲ.

ಬೀದರ್, ಮೊಬೈಲ್ ರಿಪೇರಿ ಅಂಗಡಿ

ಅಮ್ಮಾರ, ಮ್ಯಾಂಡೇಟ್ ಇರೋದು ಬ್ಯಾಂಕಿನಾಗ, ಫೋನಿನಾಗ ಅಲ್ಲ. ರದ್ದು ಮಾಡದೆ ಫೋನ್ ಕಸಕೊಂಡ್ರ 999 ಹಂಗೇ ಹೋಗ್ತಿರ್ತದ. ಅಕ್ಕಾರ, ಮೊದಲು ರದ್ದು, ಆಮೇಲೆ ಉಳಿದದ್ದು.